ಇಂಟರ್‌ವಲ್‌ಗಿಂತ ಮೊದಲಿನ ಸಿನಿಮಾ

ಹೋದ ವರ್ಷ ನಾನು ಅತಿ ಹೆಚ್ಚು ಮೆಚ್ಚಿದ ಸಿನಿಮಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಫೋನಿನಲ್ಲಿ ಹುಡುಕಿ ನೋಡುತ್ತೀರಿ. ನೋಡಿದರೆ ನಾನು ಮೆಚ್ಚಿದ್ದರಲ್ಲಿ ಅರ್ಧ ಮಾತ್ರ ಅಲ್ಲಿ ಸಿಗುತ್ತದೆ. ಇನ್ನರ್ಧ ಎಲ್ಲಿತ್ತು ಎಂಬುದು ನನಗೆ ಗೊತ್ತಾದದ್ದೂ ವರ್ಷ ಮುಗಿಯುವ ಹೊತ್ತಿಗೇ.

ಗದಗಿನ ಒಂದು ಹಳೆಯ ಟಾಕೀಜಿನ ಕಾಂಪೌಂಡಿನೊಳಗೆ ನಮ್ಮ ಗಾಡಿ ಇದೆ. ಮಿರ್ಚಿ ಭಜಿ, ಗಿರಮಿಟ್ಟು, ಚಹಾ. ಆರನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಅಂದಿನಿಂದ ದುಡಿಯುತ್ತಲೇ ಇದ್ದೇನೆ, ಗಾಡಿ ಹಾಕಿದ ಮೇಲೆ ಯಾರ ಕೈಕೆಳಗೂ ದುಡಿದಿಲ್ಲ. ಹೊಂಬಳದಿಂದ, ಹರ್ತಿಯಿಂದ ಸಂತೆಗೆ ಬಂದವರು ಸಿನಿಮಾ ನೋಡದಿದ್ದರೂ ಒಳಗೆ ಬಂದು ನನ್ನ ಮಿರ್ಚಿ ತಿಂದು ಹೋಗುತ್ತಾರೆ. ಜಂಬಕ್ಕೆ ಹೇಳುವುದಲ್ಲ, ಬಂದು ನೋಡಬಹುದು.

ಟಾಕೀಜಿನ ಮಾಲಕರು ನಮಗೆ ಕೊನೆಯ ಸಾಲಿನಲ್ಲಿ ಒಂದು ಸೀಟು ಬಿಟ್ಟುಕೊಟ್ಟಿದ್ದಾರೆ. ಒಂದೇ ಸೀಟು, ಆದರೆ ನಾವಿಬ್ಬರು. ಅದನ್ನು ನಾನೂ ನನ್ನ ಹೆಂಡತಿಯೂ ಹಂಚಿಕೊಂಡ ರೀತಿ ಹೀಗೆ: ಮ್ಯಾಟಿನಿ ಶುರುವಾದಾಗ ಅವಳು ಒಳಗೆ ಹೋಗುತ್ತಾಳೆ. ಆ ಹೊತ್ತಿನಲ್ಲಿ ನಾನು ಎಣ್ಣೆಯ ಮುಂದೆ ನಿಂತಿರಲೇಬೇಕು. ಇಂಟರ್‌ವಲ್‌ಗೆ ಬಾಗಿಲು ತೆರೆದಾಗ ಮಿರ್ಚಿ ಬಿಸಿ ಇರದಿದ್ದರೆ ಜನ ಸುಮ್ಮನಿರುವುದಿಲ್ಲ. ಎಣ್ಣೆಯನ್ನು ನಾನು ಇನ್ನೊಬ್ಬರ ಕೈಗೆ ಕೊಡುವುದೂ ಇಲ್ಲ. ಗದ್ದಲ ಮುಗಿದು ಮತ್ತೆ ದೀಪ ಆರಿದ ಮೇಲೆ ನಾನು ಒಳಗೆ ಹೋಗುತ್ತೇನೆ, ಅವಳು ಹೊರಗೆ ಪಾತ್ರೆ ತೊಳೆದು ಸಂಜೆಯ ಆಟಕ್ಕೆ ಉಳ್ಳಾಗಡ್ಡಿ ಹೆಚ್ಚುತ್ತಾಳೆ. ಹೀಗಾಗಿ ಮೊದಲರ್ಧ ಅವಳದು, ಎರಡನೆಯದು ನನ್ನದು. ಒಂದೇ ಸಿನಿಮಾ ವಾರಗಟ್ಟಲೆ ನಡೆದರೂ ಅವಳು ದಿನವೂ ತಪ್ಪದೆ ಒಳಗೆ ಹೋಗುತ್ತಿದ್ದಳು. ಇವಳಿಗೆ ಸಿನಿಮಾದ ಹುಚ್ಚು ನನಗಿಂತ ಜಾಸ್ತಿ ಎಂದು ನಾನು ಹೆಮ್ಮೆಪಡುತ್ತಿದ್ದೆ.

ಎರಡು ಅರ್ಧಗಳನ್ನು ಕೂಡಿಸುವುದು ಶನಿವಾರ ಮುಂಜಾನೆ, ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ. ಅವಳು ಮೆಣಸಿನಕಾಯಿ ಸೀಳುತ್ತಾಳೆ, ನಾನು ಒಳಗೆ ಜೀರಿಗೆ ಉಪ್ಪು ಸವರುತ್ತೇನೆ.

“ಮೊದಲ ನಿಮ್ಮದ ಹೇಳ್ರಿ,” ಅನ್ನುತ್ತಾಳೆ.

“ಎರಡನೇ ಅರ್ಧಾ ಮೊದಲ ಹೇಳಿದ್ರ ನಿನಗ ಮಜಾ ಹೋಗೂದಿಲ್ಲೇನು?”

“ನಿಮ್ಮ ಹೊಟ್ಯಾಗ ಅದು ಕುದಿಯಾಕತ್ತಿರತೈತಿ. ಹೇಳಿಬಿಡ್ರಿ.”

ನಾನು ಹೇಳಿಬಿಡುತ್ತೇನೆ. ಅರ್ಧದಿಂದ ನೋಡಿದವನಿಗೆ ಒಂದು ಕಷ್ಟವುಂಟು, ಒಂದು ಸುಖವೂ ಉಂಟು. ಯಾರು ಯಾರ ಮೇಲೆ ಯಾಕೆ ಸಿಟ್ಟಾಗಿದ್ದಾರೆ ಎಂಬುದೊಂದೂ ಗೊತ್ತಿರುವುದಿಲ್ಲ. ಹಾಗಾಗಿ ಎಲ್ಲದರ ಮೇಲೂ ಕಣ್ಣು ಹೋಗುತ್ತದೆ. ಬಾಗಿಲು ತಟ್ಟುವ ರೀತಿ, ಚಪ್ಪಲಿ ಬಿಡುವ ಜಾಗ, ಒಬ್ಬಳು ಅಳುತ್ತಾ ಕಿಟಕಿ ಹಾಕಿದ್ದು. ನನ್ನ ಹೇಳಿಕೆಯ ತುಂಬ ಪ್ರಶ್ನೆಗಳೇ.

ಲಾರಿ ಡ್ರೈವರನ ಸಿನಿಮಾ ಬಂದಾಗ ನಾನು ಕೇಳಿದ್ದು ಚಹಾದ ವಿಷಯ. ಎರಡನೆಯ ಅರ್ಧದಲ್ಲಿ ಆ ಡ್ರೈವರ್ ಎಲ್ಲಿಗೆ ಹೋದರೂ ಯಾರಾದರೂ ಚಹಾ ಕೊಡುತ್ತಾರೆ, ಅವನು ಲೋಟವನ್ನು ಮೆಲ್ಲಗೆ ಪಕ್ಕಕ್ಕೆ ದೂಡುತ್ತಾನೆ. ಒಮ್ಮೆಯೂ ಕುಡಿಯುವುದಿಲ್ಲ. ಯಾಕೆ?

ಅವಳು ಕೈಯಲ್ಲಿದ್ದ ಮೆಣಸಿನಕಾಯಿಯನ್ನು ಸೀಳಿ ಮುಗಿಸಿದಳು. ಆಮೇಲೆ ಹೇಳಿದಳು: “ಅವನ ಅವ್ವ ಚಹಾದಂಗಡಿ ಇಟ್ಟಿದ್ಲರಿ. ರಸ್ತಾದ ಬಾಜೂಕ. ಒಂದಿನ ಇಂವ ಅಕಿ ಕೂಡ ಜಗಳಾಡಿ, ಕೊಟ್ಟ ಚಹಾ ಅರ್ಧಾ ಬಿಟ್ಟು ಲಾರಿ ಹತ್ತಿದಾ. ತಿರುಗಿ ಬರೂದ್ರಾಗ ಅಕಿ ಇಲ್ಲ. ಲೋಟಾ ಮಾತ್ರ ಅಲ್ಲೇ ಇತ್ತು. ತೊಳದಿದ್ದಿಲ್ಲ ಅಕಿ. ಬರ್ತಾನ, ಕುಡೀತಾನ ಅಂತ.”

ಮುಂದಿನ ಮೆಣಸಿನಕಾಯಿಗೆ ನಾನು ಎರಡೆರಡು ಸಲ ಉಪ್ಪು ಸವರಿದೆ.

ದೆವ್ವದ ಸಿನಿಮಾದಲ್ಲೂ ಹಾಗೆಯೇ. ಬಂಗಲೆಯೊಳಗಿನ ಹೆಣ್ಣುದೆವ್ವ ಎಲ್ಲರನ್ನೂ ಅಟ್ಟಿಸಿಕೊಂಡು ಹೋಗುತ್ತದೆ, ನಡುವೆ ಅಡುಗೆಮನೆಗೆ ಬಂದು ಒಂದೊಂದೇ ಪಾತ್ರೆಯ ಮುಚ್ಚಳ ತೆಗೆದು ಹಾಕುತ್ತದೆ. ಯಾಕೆ ಎಂದು ಕೇಳಿದರೆ, ಆಕೆ ಆ ಮನೆಯ ಸೊಸೆಯಾಗಿದ್ದವಳು, ಎಲ್ಲರದೂ ಊಟವಾದ ಮೇಲೆ ಉಣ್ಣಬೇಕಿತ್ತು ಎಂದಳು ನನ್ನ ಹೆಂಡತಿ. “ಸತ್ತ ಮ್ಯಾಲೂ ಏನರ ಉಳದೈತೇನು ಅಂತ ನೋಡ್ತಾಳ, ಪಾಪ.” ಆ ದಿನ ನಾನು ಇಬ್ಬರಿಗೂ ಒಟ್ಟಿಗೆ ತಾಟು ಹಾಕಿದೆ.

ಇನ್ನು ವರ್ಷದ ಕೊನೆಯ ವಿಷಯ. ಡಿಸೆಂಬರಿನ ಕಡೆಯ ಶುಕ್ರವಾರ ಮ್ಯಾಟಿನಿ ಬಿಟ್ಟ ಮೇಲೆ ನಮ್ಮ ಕಾಯಂ ಗಿರಾಕಿಗಳು ಗಾಡಿಯ ಸುತ್ತ ನಿಲ್ಲುತ್ತಾರೆ. ಆ ವರ್ಷದ ಬೆಸ್ಟ್ ಸಿನಿಮಾ ಯಾವುದು ಎಂದು ತೀರ್ಮಾನವಾಗಬೇಕು. ಒಬ್ಬನು ಒಂದು ಹೇಳಿದರೆ ಇನ್ನೊಬ್ಬನು ಅದನ್ನು ಹರಿದು ಹಾಕುತ್ತಾನೆ. ಕಡೆಗೆ ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ಶಾಲೆಯಲ್ಲಿ ಒಂದು ದಿನವೂ ನನ್ನ ಉತ್ತರಕ್ಕಾಗಿ ಯಾರೂ ಕಾದದ್ದಿಲ್ಲ. ಇಲ್ಲಿ ಕಾಯುತ್ತಾರೆ. ನಾನು ಹೇಳಿದ್ದೇ ಆ ವರ್ಷದ ಬೆಸ್ಟ್. ಈ ಒಂದು ಮಾತಿನ ಬೆಲೆ ನನಗೆ ಎಷ್ಟೆಂದು ಬರೆದು ತಿಳಿಸಲಾರೆ.

ಈ ಸಲ ನಾನು ಲಾರಿ ಡ್ರೈವರನ ಸಿನಿಮಾ ಅಂದೆ. ಅಂದು ಸುಮ್ಮನಿರದೆ ಕಾರಣವನ್ನೂ ಹೇಳತೊಡಗಿದೆ: ಆ ಅವ್ವ, ಆ ಚಹಾದಂಗಡಿ, ತೊಳೆಯದ ಲೋಟ.

ಟಾಕೀಜಿನ ಎದುರಿಗೆ ಅಂಗಡಿ ಇರುವ ಟೇಲರ್, ಲಕ್ಷ್ಮೇಶ್ವರದವನು, ಬಾಯಿಗೆ ಹೋಗುತ್ತಿದ್ದ ಮಿರ್ಚಿಯನ್ನು ಅಲ್ಲೇ ತಡೆದ. “ಅಣ್ಣಾರ, ನಿಲ್ರಿ ನಿಲ್ರಿ. ಯಾವ ಅವ್ವ?”

“ಅವನ ಅವ್ವ. ಮತ್ಯಾರ ಅವ್ವ?”

“ಆ ಸಿನಿಮಾದಾಗ ಅವ್ವನ ಇಲ್ರೀ! ಅಂವ ತಂದಿ-ತಾಯಿ ಇಲ್ಲದ ಪರದೇಶಿ. ಮೊದಲನೇ ಹಾಡಿನ್ಯಾಗ ಹೇಳ್ತಾನ.”

“ನೀ ನಿದ್ದಿ ಮಾಡಿರಬೇಕಲೇ.”

“ಎರಡ ಸಲ ನೋಡೀನಿ. ಎರಡೂ ಸಲ ನಿದ್ದಿ ಮಾಡಿದ್ನೇನು?”

ಆ ಸಿನಿಮಾ ಅಷ್ಟರಲ್ಲಿ ಫೋನಿಗೂ ಬಂದಿತ್ತು. ಅವನು ಫೋನ್ ತೆಗೆದು, ಮೊದಲರ್ಧವನ್ನು ಬೆರಳಿನಿಂದ ಸರಸರ ಓಡಿಸಿ ಎಲ್ಲರಿಗೂ ತೋರಿಸಿದ. ಬಂದರಿನಲ್ಲಿ ಹೊಡೆದಾಟ, ಕಾಲೇಜು, ಹಿಮದಲ್ಲಿ ಒಂದು ಹಾಡು, ಮತ್ತೆ ಹೊಡೆದಾಟ. ಅವ್ವ ಇರಲಿಲ್ಲ. ಚಹಾದಂಗಡಿಯೂ ಇರಲಿಲ್ಲ.

“ಫೋನಿಗೆ ಹಾಕೋ ಮುಂದ ಕತ್ತರಿಸಿರ್ತಾರ,” ಅಂದೆ.

“ಹೀರೋನ ಅವ್ವನ್ನ ಯಾರ ಕತ್ತರಿಸ್ತಾರ್ರಿ! ವೈನಿ, ನೀವ ಹೇಳ್ರಿ. ಮೊದಲರ್ಧಾ ನೋಡಿದಾಕಿ ನೀವು.”

ನನ್ನ ಹೆಂಡತಿ ಗಾಡಿಯ ಹಿಂದೆ ಲೋಟ ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ. “ಅವ್ವ ಇಲ್ಲದಿದ್ರ ಅಂವ ಚಹಾ ಯಾಕ ದೂಡ್ತಾನಪಾ? ನೀನ ಹೇಳು.”

ಟೇಲರ್ ಯೋಚಿಸಿದ. “ಸುಮ್ನ ದೂಡ್ತಾನ್ರಿ.”

“ಸುಮ್ನ ಯಾರ ಚಹಾ ದೂಡ್ತಾರ?”

ಎಲ್ಲರೂ ನಕ್ಕರು. ಆದರೆ ಆ ನಗು ಅವನ ಮೇಲೆ ಬಿದ್ದದ್ದಲ್ಲ ಎಂದು ನನಗೆ ತಿಳಿಯಿತು. “ಅಣ್ಣಾರು ಬ್ಯಾರೆ ಟಾಕೀಜಿನ್ಯಾಗ ನೋಡ್ಯಾರ ಬಿಡ್ರಿ,” ಎಂದ ಒಬ್ಬ. “ವೈನಿ ಡೈರೆಕ್ಟರ್ ಆಗ್ಯಾರ,” ಎಂದ ಇನ್ನೊಬ್ಬ. ಆ ವರ್ಷದ ಬೆಸ್ಟ್ ಯಾವುದೆಂದು ತೀರ್ಮಾನವಾಗದೆಯೇ ಗುಂಪು ಚದುರಿತು. ಅಂಥದ್ದು ಹಿಂದೆಂದೂ ಆಗಿರಲಿಲ್ಲ.

ಬಾಗಿಲು ಕಾಯುವ ಹಿರಿಯರು ಎಲ್ಲವನ್ನೂ ನೋಡುತ್ತ ನಿಂತಿದ್ದರು. ಹೆಂಡತಿ ನೀರು ತರಲು ಹೋದಾಗ ಹತ್ತಿರ ಬಂದರು.

“ತಮ್ಮಾ, ಅಕಿಗೆ ಏನೂ ಅನಬ್ಯಾಡ. ಅಕಿ ಒಳಗ ಸಿನಿಮಾ ನೋಡೂದಿಲ್ಲ. ಮಲಗತಾಳ.”

“ಯಾವತ್ತ?”

“ದಿನಾ. ಆ ಮೂಲಿ ಕಡೆ ನಾ ಬ್ಯಾಟರಿ ಸೈತ ಬಿಡೂದಿಲ್ಲ, ಎಚ್ಚರಾದೀತು ಅಂತ.”

ನಂಬಲಿಲ್ಲ. ಮರುದಿನ ಮ್ಯಾಟಿನಿ ಶುರುವಾಗಿ ಸ್ವಲ್ಪ ಹೊತ್ತಾದ ಮೇಲೆ ಒಲೆ ಸಣ್ಣದು ಮಾಡಿ, ಇಂಟರ್‌ವಲ್‌ಗಿಂತ ಮೊದಲು ಜೀವನದಲ್ಲಿ ಮೊದಲ ಸಲ ಆ ಟಾಕೀಜಿನ ಒಳಗೆ ಹೋದೆ. ಪರದೆಯ ಮೇಲೆ ಬೆಂಕಿ ಹತ್ತಿದ ಕಾರು ಪಲ್ಟಿ ಹೊಡೆಯುತ್ತಿತ್ತು, ಗೋಡೆಗಳೇ ಅದುರುವಂಥ ಸದ್ದು. ಅವಳು ಕೊನೆಯ ಸಾಲಿನಲ್ಲಿ ಸೆರಗನ್ನು ಮುಖದ ಮೇಲೆಳೆದುಕೊಂಡು, ಕಾಲು ಮಡಚಿ, ಪುಟ್ಟ ಹುಡುಗಿಯ ಹಾಗೆ ಮಲಗಿದ್ದಳು. ಬೆಂಕಿಯ ಬೆಳಕು ಅವಳ ಮೇಲೆ ಬಂದು ಹೋಗುತ್ತಿತ್ತು. ನಸುಕಿನಲ್ಲಿ ನನಗಿಂತ ಮೊದಲು ಏಳುವವಳು ಅವಳು. ನೀರು ಹಿಡಿಯುವುದು, ರೊಟ್ಟಿ ಬಡಿಯುವುದು, ಹಿಟ್ಟು ಜರಡಿ ಹಿಡಿಯುವುದು. ಹಗಲಿನಲ್ಲಿ ಅವಳು ಮಲಗಿದ್ದನ್ನು ನಾನು ಮನೆಯಲ್ಲಿ ಕಂಡದ್ದೇ ಇಲ್ಲ. ಅಲ್ಲಿ ನಿಂತು ಅದನ್ನೇ ನೋಡಿದೆ. ಆ ಸಿನಿಮಾದ ಮೊದಲರ್ಧ ಹೇಗಿತ್ತು ಎಂದು ಯಾರಾದರೂ ಕೇಳಿದರೆ ನನಗೆ ನೆನಪಿರುವುದು ಅಷ್ಟೇ. ಹೊರಗೆ ಬಂದಾಗ ಎಣ್ಣೆ ಹೊಗೆಯಾಡುತ್ತಿತ್ತು.

ಭಾನುವಾರ ಮುಂಜಾನೆ ಮೆಣಸಿನಕಾಯಿಯ ಮುಂದೆ ಕೂತಾಗ ಅವಳೇ ಮಾತು ತೆಗೆದಳು.

“ನಿನ್ನೆ ಬಂದಿದ್ರಂತ ಒಳಗ. ಬಾಗಲಾ ಕಾಯೋ ಅಜ್ಜಾರು ಹೇಳಿದ್ರು.”

“ಬಂದಿದ್ದೆ.”

“ಎಬ್ಬಿಸಬೇಕಿತ್ತು.”

“ಕಾರಿನ ಬೆಂಕಿಗೇ ಎಚ್ಚರಾಗಲಿಲ್ಲ ನಿನಗ, ನಾ ಎಬ್ಬಿಸಿದ್ರ ಎಚ್ಚರಾಗತಿತ್ತೇನು?”

ಅವಳು ನಗಲಿಲ್ಲ. “ಏನ್ಮಾಡ್ಲಿರಿ, ದೀಪ ಆರಿದ ಕೂಡ್ಲೆ ಕಣ್ಣ ಮುಚ್ಚತಾವ. ಮೊದಲನೇ ಸಲಾನ ಹೇಳಬೇಕಂತ ಮಾಡಿದ್ದೆ. ಅಷ್ಟರಾಗ ನೀವು ಕೇಳಿದ್ರಿ, ಅಂವ ಹಂಗ್ಯಾಕ ಮಾಡಿದಾ ಅಂತ. ನನಗೂ ಅನಸ್ತು, ಹೌದಲ್ಲ, ಯಾಕ ಮಾಡಿರಬೇಕು?”

“ಆ ತೊಳೀದ ಲೋಟಾ? ಅದೆಲ್ಲಿಂದ ಬಂತು?”

“ಎಲ್ಲಿಂದ ಅಂದ್ರ? ಮೆಣಸಿನಕಾಯಿ ಸೀಳೋ ಮುಂದ ಬಂತು.”

“ಅದರ ಮೊದಲ ಗೊತ್ತಿದ್ದಿಲ್ಲ?”

“ಇಲ್ಲ.”

ನನಗೆ ಸಿಟ್ಟು ಬರಬೇಕಿತ್ತು ಅನಿಸುತ್ತದೆ. ಬರಲಿಲ್ಲ. ಹತ್ತಾರು ಪ್ರಶ್ನೆಗಳು ಬಂದವು. ಸೊಸೆ ದೆವ್ವ ಮುಚ್ಚಳ ತೆಗೆಯುವುದು ಹೇಗೆ ಹೊಳೆಯಿತು, ಹೇಳುವಾಗ ಅವಳಿಗೆ ಅದು ಕಣ್ಣೆದುರು ಕಾಣುತ್ತದೆಯೇ, ಒಂದು ಕಥೆ ಕೂಡಿಬರದಿದ್ದರೆ ಏನು ಮಾಡುತ್ತಾಳೆ. ಕೂಡಿಬರದಿದ್ದರೆ ನನ್ನಿಂದ ಇನ್ನೊಮ್ಮೆ ಹೇಳಿಸುತ್ತಾಳಂತೆ. ನನಗೆ ನೆನಪಾಯಿತು, ಎಷ್ಟೋ ಸಲ ಹಾಗೆ ಹೇಳಿಸಿದ್ದಾಳೆ.

ಆದರೆ ಅವಳು ಅಷ್ಟಕ್ಕೆ ಬಿಡಲಿಲ್ಲ. “ನಿಮಗ ಎಲ್ಲಾರ ಮುಂದ ಕೆಳಗ ನೋಡೂಹಂಗ ಆತು. ಇನ್ನ ಮ್ಯಾಲೆ ಕಣ್ಣಿಗೆ ನೀರ ಹಚ್ಚಿಕೊಂಡು ಕುಂಡ್ರತೀನಿ. ಇದ್ದದ್ದ ಇದ್ದಂಗ ಹೇಳ್ತೀನಿ.”

ಹೇಳಿದ ಹಾಗೆಯೇ ಮಾಡಿದಳು. ಅಂದು ಮ್ಯಾಟಿನಿಯಲ್ಲಿ ಎಚ್ಚರವಾಗಿ ಕೂತು ಹೊರಗೆ ಬಂದಾಗ ಅವಳ ಕಣ್ಣುಗಳು ಕೆಂಪಾಗಿದ್ದವು. “ಒಬ್ಬಾಂವ ಒಬ್ಬಾಂವಗ ಹೊಡೀತಾನ. ಮತ್ತ ಅಂವ ಇಂವಗ ಹೊಡೀತಾನ. ಅಷ್ಟರೀ,” ಅಂದಳು. ನಾನು ಕಾಯುತ್ತ ನಿಂತೆ. ಅಷ್ಟೇ ಆಗಿತ್ತು.

ಸಂಜೆ ಒಲೆ ಆರಿಸಿ, ಗಾಡಿಯನ್ನು ಅವಳಿಗೆ ಒಪ್ಪಿಸಿ ಟೇಲರನ ಅಂಗಡಿಗೆ ಹೋದೆ. ಶುಕ್ರವಾರದ ಗುಂಪಿನಲ್ಲಿ ಮುಕ್ಕಾಲು ಪಾಲು ಅಲ್ಲೇ ಇತ್ತು.

“ಮೊದಲರ್ಧ ನಮ್ಮಾಕಿದು,” ಅಂದೆ. “ಅಕಿ ಮಲಗಿದ್ಲು. ಎದ್ದು ತಾನ ಕಟ್ಟಿ ಹೇಳಿದ್ಲು. ಎರಡನೇ ಅರ್ಧಾ ಸಿನಿಮಾದವರದು. ಎರಡೂ ಕೂಡಿ ಆದದ್ದು ಐತಲ್ಲ, ಅದು ಈ ವರ್ಷದ ಬೆಸ್ಟ್. ನನ್ನ ಮಾತ ಅದ.”

“ಅಣ್ಣಾರ, ಅದು ಇಲ್ಲದ ಸಿನಿಮಾ!”

“ನಿನಗ ಇಲ್ಲ. ನನಗ ಐತಿ.”

ಒಬ್ಬ ಕಿಸಕ್ಕನೆ ನಕ್ಕ. “ಮುಂದಿನ ವರ್ಷ ಅಣ್ಣಾರನ್ನ ಕೇಳೂದ ಬ್ಯಾಡ, ವೈನೀನ್ನ ಕೇಳೂಣು,” ಎಂದ ಇನ್ನೊಬ್ಬ. ಕೇಳಲಿ. ನಾನು ಹೊರಟೆ. ಟೇಲರ್ ಕತ್ತರಿ ಕೆಳಗಿಟ್ಟು ಬಾಗಿಲತನಕ ಬಂದ.

“ಅಲ್ರಿ ಅಣ್ಣಾರ, ಆ ದೆವ್ವದ ಸಿನಿಮಾದಾಗ ಪಾತ್ರಿ ಮುಚ್ಚಳಾ ತಗೀತದಲ್ಲ, ಅದಕ್ಕ ವೈನಿ ಏನ ಹೇಳ್ಯಾರ?”

“ನಾಳೆ ಗಾಡಿಗೆ ಬಾ. ಅಕಿನ್ನ ಕೇಳು,” ಅಂದೆ.

ಮುಂದಿನ ಶುಕ್ರವಾರ ಹೊಸ ಸಿನಿಮಾ ಬಂತು. ಅವಳು ಮುಖಕ್ಕೆ ನೀರು ಹಚ್ಚಿಕೊಳ್ಳುತ್ತಿದ್ದಾಗ ಚೊಂಬನ್ನು ಅವಳ ಕೈಯಿಂದ ತೆಗೆದುಕೊಂಡೆ. “ಹೋಗಿ ಮಲಕೋ.”

“ಮತ್ತ ಮಂದಿ ನಗ್ತಾರ್ರಿ.”

“ನಗಲಿ. ಇದ್ದದ್ದ ಇದ್ದಂಗ ಹೇಳಾಕ ಟೇಲರ್ ಅದಾನ.”

ಅವಳು ಹೋದಳು. ನನ್ನ ಅರ್ಧಕ್ಕೆ ನಾನು ಹೋದಾಗ ಹೊಸ ಕಷ್ಟ ಶುರುವಾಯಿತು. ಆ ಸಿನಿಮಾದಲ್ಲಿ ಎಲ್ಲರೂ ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತಾರೆ. ಅಣ್ಣ ಯಾಕೆ ಸಿಟ್ಟಾದ, ತಂಗಿ ಯಾಕೆ ಮನೆ ಬಿಟ್ಟಳು, ಖಳನಿಗೆ ಯಾಕೆ ಕೈಯಿಲ್ಲ, ಒಂದನ್ನೂ ಬಿಡುವುದಿಲ್ಲ. ಮನೆಗೆ ಏನು ಒಯ್ಯಲಿ ಎಂದು ಚಡಪಡಿಸಿದೆ. ಹೀರೋನನ್ನು ಬಿಟ್ಟು ಮೂಲೆಗಳಲ್ಲಿ ಹುಡುಕತೊಡಗಿದೆ. ಮಾರ್ಕೆಟ್ಟಿನ ಹೊಡೆದಾಟದಲ್ಲಿ ಎಲ್ಲರೂ ದಿಕ್ಕಾಪಾಲಾಗಿ ಓಡುವಾಗ, ಹಿಂದುಗಡೆ ಒಂದು ಗಳಿಗೆ, ಅದು ಕಂಡಿತು.

ಶನಿವಾರ ಮುಂಜಾನೆ ಹೇಳಿದೆ: “ಹೊಡೆದಾಟದಾಗ ಎಲ್ಲಾರೂ ಜೀವಾ ಉಳಿಸಿಕೊಂಡು ಓಡ್ತಾರ. ಒಬ್ಬ ಮುದುಕ ಮಾತ್ರ ಒಂದು ಖುರ್ಚಿ ಹೊತ್ತಗೊಂಡು ಓಡಿದಾ. ಆಮ್ಯಾಲೆ ಎಲ್ಲೂ ಅಂವ ಕಾಣಲಿಲ್ಲ. ಯಾಕ ಹೊತ್ತಗೊಂಡಿರಬೇಕು?”

ಅವಳು ಮೆಣಸಿನಕಾಯಿ ಹಿಡಿದ ಕೈಯನ್ನು ಮಡಿಲಲ್ಲಿಟ್ಟುಕೊಂಡಳು.

“ಖುರ್ಚಿ ಕಟಗೀದೋ, ಪ್ಲಾಸ್ಟಿಕ್ಕಿಂದೋ?”