ಗಣಪತಿ ಇರುವ ನೋಟು

ಪರದೇಶದ ನೋಟು ಕೊಂಡಿಟ್ಟರೆ ಲಾಭವೇ ಎಂದು ಮೊನ್ನೆ ಮದುವೆಯೂಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವಳೊಬ್ಬಳು ಕೇಳಿದಳು. ಅವಳ ಗಂಡ ಮೊಬೈಲಿನಲ್ಲಿ ಏನೋ ನೋಡಿಬಿಟ್ಟಿದ್ದನಂತೆ. ಯಾವುದೋ ದೇಶದ ನೋಟು ಇವತ್ತು ಚಿಲ್ಲರೆ ಕಾಸಿಗೆ ಸಿಗುತ್ತದೆ, ನಾಳೆ ಬಂಗಾರವಾಗುತ್ತದೆ ಅಂತ. ನನ್ನ ಬಾಯಲ್ಲಿ ಹೋಳಿಗೆ ಇತ್ತು, ಬಚಾವಾದೆ. ಇಲ್ಲದಿದ್ದರೆ ನಾನು ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಎಲೆ ಎತ್ತಿಬಿಡುತ್ತಿದ್ದರು.

ನನ್ನ ಯಜಮಾನರು ಹಿಂದೂಪುರದಲ್ಲಿ ಹುಣಸೆಹಣ್ಣಿನ ಮಂಡಿ ಇಟ್ಟಿದ್ದರು. ಸುಗ್ಗಿಯಲ್ಲಿ ಕೊಳ್ಳುವುದು, ಕೋಲ್ಡ್ ಸ್ಟೋರೇಜಿನಲ್ಲಿ ಇಡುವುದು, ಪೇಟೆಯಲ್ಲಿ ಹಣ್ಣು ಕಾಣದಾದಾಗ ಹೊರಗೆ ತೆಗೆಯುವುದು. ಅವರಿಗೆ ಗೊತ್ತಿದ್ದ ವಿದ್ಯೆ ಇದೊಂದೇ, ಇದನ್ನೇ ಲೋಕದ ಎಲ್ಲ ವಿಷಯಕ್ಕೂ ಹಚ್ಚುತ್ತಿದ್ದರು. ಜಗಳದಲ್ಲೂ ಅಷ್ಟೇ. ನಾನು ಕೂಗಾಡುವಾಗ ತುಟಿಪಿಟಕ್ಕೆನ್ನದೆ ಕೂತಿದ್ದು, ನಾನು ಎಲ್ಲ ಮರೆತು ಒಗ್ಗರಣೆ ಹಾಕುತ್ತಿರುವಾಗ ಅಡಿಗೆಮನೆ ಬಾಗಿಲಿಗೆ ಬಂದು ಉತ್ತರ ಕೊಡುತ್ತಿದ್ದರು. "ಬೆಲೆ ಬಂದ್ಮೇಲೆ ಮೂಟೆ ಬಿಚ್ಚಬೇಕು ಕಣೇ" ಅನ್ನುತ್ತಿದ್ದರು. ಆಗ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಈಗ ಸಾಸಿವೆ ಚಟಪಟ ಅಂದಾಗಲೆಲ್ಲ ಬಾಗಿಲ ಕಡೆ ನೋಡುತ್ತೇನೆ.

ನನ್ನ ತವರು ಕಲ್ಯಾಣದುರ್ಗ. ಅಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಗಡಿಯಾರ ರಿಪೇರಿಯವನೊಬ್ಬನಿದ್ದ. ಹಿಂದೆ ಹಡಗಿನ ಅಡಿಗೆಮನೆಯಲ್ಲಿ ಕೆಲಸ ಮಾಡಿ ಬಂದವನು. ಗಾಜಿನ ಪೆಟ್ಟಿಗೆಯೊಳಗೆ ನಾನಾ ದೇಶದ ನಾಣ್ಯ, ನೋಟು ಜೋಡಿಸಿಟ್ಟುಕೊಂಡು ಮಾರುತ್ತಿದ್ದ. ಒಂದು ಸಲ ಹಬ್ಬ ಮುಗಿಸಿಕೊಂಡು ವಾಪಸು ಹೊರಟಾಗ ಬಸ್ಸು ತಡವಾಗಿ, ಅವನ ಅಂಗಡಿಯ ನೆರಳಿಗೆ ನಿಂತೆವು. ನಾನು ಸೋಡಾ ಕುಡಿಯುತ್ತ ಗಾಜಿನೊಳಗೆ ಕಣ್ಣು ಹಾಯಿಸಿದೆ.

"ರೀ, ಇಲ್ ನೋಡ್ರಿ, ನೋಟಿನ್ ಮ್ಯಾಲೆ ಗಣಪ!"

ಸುಳ್ಳಲ್ಲ. ಒಂದು ಕಡೆ ಯಾರೋ ಹಿರಿಯರ ಮುಖ, ಪಕ್ಕದಲ್ಲಿ ಸೊಂಡಿಲು, ಹೊಟ್ಟೆ ಎಲ್ಲ ಸರಿಯಾಗಿರುವ ನಮ್ಮ ಗಣಪತಿ. ಇಂಡೋನೇಷ್ಯಾದ ನೋಟು ಅಂದ ಅಂಗಡಿಯವನು. ಅದರ ಮೇಲೆ ಇಪ್ಪತ್ತು ಸಾವಿರ ಎಂದು ಅಚ್ಚಾಗಿತ್ತು. ಅವನು ಕೇಳಿದ್ದು ನಮ್ಮ ನೂರೈವತ್ತು ರೂಪಾಯಿ. ಅದರ ಪಕ್ಕದಲ್ಲೇ ಬೇರೆ ಬಣ್ಣದ ಇನ್ನೊಂದು ನೋಟೂ ಇತ್ತು.

"ಇದೂ ಆ ದೇಶದ್ದೇ ಕಣಮ್ಮ, ಹೊಸ್ದು. ಇದನ್ ತಗಂಡೋಗ್ರಿ" ಅಂದ.

"ಗಣಪ ಇಲ್ದಿರೋ ಬೋಳು ನೋಟು ಯಾರಿಗ್ಬೇಕಪ್ಪ?" ಅಂದೆ ನಾನು.

"ಸರೆಲೇಮ್ಮಾ, ನಿಮ್ಮಿಷ್ಟ" ಎಂದು ಅವನು ಸುಮ್ಮನಾದ. ವ್ಯಾಪಾರಿ ಸುಮ್ಮನಾದರೆ ಕಾರಣವಿರುತ್ತದೆ ಎಂದು ಇನ್ನೊಬ್ಬ ವ್ಯಾಪಾರಿಯ ಹೆಂಡತಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನನ್ನ ಯಜಮಾನರ ಕಣ್ಣಲ್ಲಿ ಆಗಲೇ ಕೋಲ್ಡ್ ಸ್ಟೋರೇಜು ಬಂದು ನಿಂತಿತ್ತು. "ಇಟ್ರೆ ಏರ್ತೈತೆ" ಎಂದು ಗಣಪತಿ ಇದ್ದವನ್ನೆಲ್ಲ ಕೊಂಡುಬಿಟ್ಟರು. ಆಮೇಲೆ ತವರಿಗೆ ಹೋದಾಗಲೆಲ್ಲ ಅವನು ನಮಗಾಗಿ ಅವನ್ನೇ ತೆಗೆದಿಡುತ್ತಿದ್ದ.

ಆ ದೇಶದಲ್ಲಿ ಹೆಂಗಸರು ಬೆಳಗಾಗುತ್ತಲೇ ಎಲೆಯ ದೊನ್ನೆಯಲ್ಲಿ ಹೂವಿಟ್ಟು ಬಾಗಿಲ ಮುಂದೆ ಪೂಜೆ ಮಾಡುತ್ತಾರೆ, ರಸ್ತೆ ಮುಗಿದ ಕಡೆ ಸಮುದ್ರ ಇರುತ್ತದೆ ಎಂದು ಅವನೇ ಹೇಳಿದ್ದು. ನಾನು ಹುಟ್ಟಿದಾಗಿನಿಂದ ಸಮುದ್ರ ನೋಡಿದವಳಲ್ಲ. ಬಸ್ಸು ಕಂಬದೂರು ದಾಟುವಾಗ ಕಿಟಕಿಯಾಚೆ ಕುರಿಮಂದೆ, ಕಲ್ಲುಗುಡ್ಡ ನೋಡುತ್ತ ಕೂತಿದ್ದೆ. ಯಜಮಾನರು ಮೆಲ್ಲಗೆ ಅಂದರು:

"ಹೋಗ್ಬರಾಣ ಕಣೇ. ಈ ನೋಟಿಗೆ ಬೆಲೆ ಬರ್ಲಿ, ಇಬ್ರೂ ಹೋಗ್ಬರಾಣ."

ಅಷ್ಟು ಸಾಕಾಯಿತು ನನಗೆ. ಇಬ್ಬರೂ ಪಾಸ್‌ಪೋರ್ಟ್ ಮಾಡಿಸಿದೆವು. ಅದರ ಫೋಟೋದಲ್ಲಿ ನಾನು ಸರಗಳ್ಳಿಯ ಹಾಗಿದ್ದೇನೆ, ಅವರು ಮದುಮಗನ ಹಾಗಿದ್ದಾರೆ.

ದೀಪಾವಳಿಗೆ ಮಂಡಿಯಲ್ಲಿ ಲಕ್ಷ್ಮೀಪೂಜೆ. ತಕ್ಕಡಿ, ಕಲ್ಲು, ಗಲ್ಲಾಪೆಟ್ಟಿಗೆಯ ಜೊತೆಗೆ ಆ ನೋಟುಗಳನ್ನೂ ತಟ್ಟೆಯಲ್ಲಿ ಹರಡುತ್ತಿದ್ದೆವು. ಮೂಲೆಗೆ ಅರಿಶಿನ, ಪ್ರತಿ ಗಣಪತಿಯ ಹಣೆಗೂ ಕುಂಕುಮ. ಹಚ್ಚುವುದು ನನ್ನ ಕೆಲಸ. ನಾನು ಹಚ್ಚುತ್ತಿದ್ದರೆ ಅವರು ಪಕ್ಕದಲ್ಲಿ ಕೂತು ಕೇಳುತ್ತಿದ್ದರು, "ಅಲ್ಲೋಗಿ ಏನ್ ಮಾಡ್ತೀಯ?" ನಾನು ಹೇಳುತ್ತಿದ್ದೆ. ಮೊದಲು ಸಮುದ್ರದಲ್ಲಿ ಕಾಲಿಡುವುದು. ಆಮೇಲೆ ಸೀರೆ ಒದ್ದೆಯಾಗಿದ್ದರೂ ಪರವಾಗಿಲ್ಲ, ದಡದಲ್ಲೇ ಕೂತು ಇಬ್ಬರೂ ಕಾಫಿ ಕುಡಿಯುವುದು. ವರ್ಷವರ್ಷವೂ ಅದೇ ಪ್ರಶ್ನೆ, ಅದೇ ಉತ್ತರ. ಕೊನೆಗೆ ಅವರು, "ಇನ್ನೂ ಬೆಲೆ ಬಂದಿಲ್ಲ, ಬರೋ ವರ್ಸ ನೋಡಾಣ" ಎಂದು ನೋಟು ಕಟ್ಟಿಡುತ್ತಿದ್ದರು.

ಒಂದು ದೀಪಾವಳಿಯಲ್ಲಿ ಕಟ್ಟಿನ ಅಡಿಯಲ್ಲಿ ಗಣಪತಿ ಇಲ್ಲದ ನೋಟೊಂದು ಸಿಕ್ಕಿತು.

"ಇದ್ಯಾವ್ದ್ರಿ ಬೋಳು? ಆ ಗಡಿಯಾರದೋನು ಟೋಪಿ ಹಾಕ್ಬುಟ್ನಾ?"

"ಇರ್ಲಿ ಬಿಡೇ, ಅದರ ಪಾಡಿಗೆ ಅದಿರ್ಲಿ" ಅಂದರು.

ನಾನು ಅದಕ್ಕೆ ಅರಿಶಿನವನ್ನೂ ಹಚ್ಚಲಿಲ್ಲ, ಕುಂಕುಮವನ್ನೂ ಹಚ್ಚಲಿಲ್ಲ. ಆಮೇಲಿನ ವರ್ಷಗಳಲ್ಲೂ ಅದನ್ನು ತಟ್ಟೆಯಿಂದ ಆಚೆಗೇ ಇಟ್ಟೆ.

ಒಂದು ಬೇಸಿಗೆಯಲ್ಲಿ, ಮಂಡಿಯಿಂದ ಬಂದು ನೀರು ಕೇಳಿದ ಯಜಮಾನರು, ನಾನು ನೀರು ತರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಅದನ್ನು ಹೆಚ್ಚು ಬರೆಯಲಾರೆ. ಮಂಡಿಯನ್ನು ಬೇರೆಯವರಿಗೆ ವಹಿಸಿದೆ. ಹುಣಸೆಹಣ್ಣಿನ ಹುಳಿ ವಾಸನೆಯ ಅವರ ಎರಡು ಅಂಗಿಗಳನ್ನು ಮಾತ್ರ ಒಗೆಯದೆ ಇಟ್ಟುಕೊಂಡೆ.

ಈ ವರ್ಷ ನಮ್ಮ ಬೀದಿಯ ಹೆಂಗಸರು ಗುಂಪು ಕಟ್ಟಿಕೊಂಡು ದೀಪಾವಳಿ ಕಳೆದ ಮೇಲೆ ಆ ದೇಶಕ್ಕೇ ಟೂರು ಹೋಗುವುದೆಂದು ಗೊತ್ತುಮಾಡಿದರು. ನನ್ನನ್ನೂ ಕರೆದರು. ಹೋದರೆ ಯಜಮಾನರು ಇಟ್ಟ ನೋಟಿನಿಂದಲೇ ಹೋಗಬೇಕು, ಅವರ ಮಾತು ಅಷ್ಟಾದರೂ ನಡೆಯಲಿ ಎಂಬ ಆಸೆ ನನ್ನದು. ಕಟ್ಟು ಬ್ಯಾಗಿಗೆ ಹಾಕಿಕೊಂಡು ಊರಿನ ಟ್ರಾವೆಲ್ಸ್ ಆಫೀಸಿಗೆ ಹೋದೆ. ಪೆನುಕೊಂಡದ ಕಾರ್ ಫ್ಯಾಕ್ಟರಿಯ ಪರದೇಶದವರೆಲ್ಲ ಹಣ ಬದಲಾಯಿಸಿಕೊಳ್ಳುವುದು ಅಲ್ಲೇ.

ಕೌಂಟರಿನವನು ಮೇಲಿನ ನೋಟು ನೋಡಿದ ಕೂಡಲೇ ತಲೆಯಾಡಿಸಿದ.

"ಇವಿ ಚೆಲ್ಲವಮ್ಮಾ, ನಡಿಯಲ್ಲ. ಹಳೇವು. ಆ ದೇಸದವ್ರೇ ಇವನ್ನ ಯಾವಾಗ್ಲೋ ನಿಲ್ಸ್‌ಬುಟ್ಟವ್ರೆ."

ಅವನು ಇನ್ನೊಂದು ನೋಟು ತಿರುಗಿಸಿದ, ಗಣಪತಿಯ ಹಣೆ ನೋಡಿದ, ಆಮೇಲೆ ನನ್ನ ಮುಖ ನೋಡಿದ.

"ಹುಣಸೆಹಣ್ಣಿನ ಮಂಡಿ ಯಜಮಾನ್ರು ನಿಮಗೇನಾಗ್ಬೇಕಮ್ಮ? ಇಂಥದೇ ಕುಂಕುಮ ಹಚ್ಚಿದ್ ನೋಟು ತಗಂಡ್ ಬಂದಿದ್ರು. ಸುಮಾರ್ ವರ್ಸ ಆಯ್ತು. ನಡಿಯಲ್ಲ ಅಂತ ಅವರ್ಗೂ ಹೇಳಿದ್ದೆ. ಆಮೇಲೆ, ಈಗ ನಡಿಯೋ ನೋಟು ಒಂದ್ ಕೊಡಪ್ಪ ಅಂದ್ರು. ಒಂದು ಯಾತಕ್ ಸಾಲ್ತೈತೆ ಅಂದೆ. ಅಲ್ಲಿ ಇಬ್ರಿಗೆ ಕಾಫಿ ಬತ್ತೈತಾ ಅಂತ ಕೇಳಿದ್ರು. ಬತ್ತೈತೆ ಅಂದೆ. ಅಷ್ಟಾದ್ರೆ ಸಾಕು ಅಂದ್ರು."

ಕಟ್ಟಿನ ಅಡಿಯಲ್ಲಿದ್ದ ಬೋಳು ನೋಟನ್ನು ಎಳೆದು ತೋರಿಸಿದೆ. ಅದೇ ಅಂದ. ಬೇಕಾದರೆ ಅದೊಂದನ್ನು ಬದಲಾಯಿಸಿ ಕೊಡುತ್ತೇನೆ ಅಂದ. ಕಸಿದುಕೊಂಡು ಬ್ಯಾಗಿಗೆ ಹಾಕಿಕೊಂಡೆ.

ಆಟೋದಲ್ಲಿ ಕೂತಾಗ ಮೊದಲು ಬಂದದ್ದು ಕೋಪವೇ. ಗೊತ್ತಿದ್ದೂ ಅಷ್ಟು ದೀಪಾವಳಿ ನನ್ನ ಕೈಯಲ್ಲಿ ಕುಂಕುಮ ಹಚ್ಚಿಸಿದರಲ್ಲ, ಅಲ್ಲಿ ಏನು ಮಾಡ್ತೀಯ ಎಂದು ಮಗುವನ್ನು ಕೇಳಿದ ಹಾಗೆ ಕೇಳಿದರಲ್ಲ. ಗಣಪತಿಯದೇ ಬೇಕು ಎಂದು ಹಟ ಹಿಡಿದವಳು ನಾನು. ಒಮ್ಮೆಯೂ ಅವರು ಅದನ್ನು ಎತ್ತಿ ಆಡಲಿಲ್ಲ. ಮನೆ ಸೇರುವಷ್ಟರಲ್ಲಿ ಕೋಪ ಇಳಿದು, ಅವರು ಬೇಕು ಅನ್ನಿಸಿತು. ಈ ಜಗಳಕ್ಕೂ ಒಗ್ಗರಣೆಯ ಹೊತ್ತಿಗೆ ಬಂದು ಉತ್ತರ ಕೊಡಬೇಕಿತ್ತು ಅವರು.

ಹೋಳಿಗೆ ನುಂಗಿದ ಮೇಲೆ ಪಕ್ಕದವಳಿಗೆ ಹೇಳಿದೆ, "ನಷ್ಟ ಕಣಮ್ಮ, ಪೂರಾ ನಷ್ಟ. ನಿನ್ ಗಂಡನ್ನ ಸುಮ್ಕಿರು ಅನ್ನು." ಅವಳು ತೃಪ್ತಿಯಿಂದ ಪಾಯಸ ಹಾಕಿಸಿಕೊಂಡಳು.

ಈ ದೀಪಾವಳಿಗೆ ಮನೆಯಲ್ಲೇ ತಟ್ಟೆ ಇಟ್ಟೆ. ಅವರು ಹೋದ ಮೇಲೆ ಕುಂಕುಮದ ಬಟ್ಟಲನ್ನು ಯಾರೂ ನನ್ನ ಕೈಗೆ ಕೊಡುವುದಿಲ್ಲ, ನಾನೇ ತೆಗೆದುಕೊಂಡೆ. ಚಲಾವಣೆ ಇಲ್ಲದ ಗಣಪತಿಗಳಿಗೆಲ್ಲ ಒಂದೊಂದಾಗಿ ಹಚ್ಚಿದೆ. ಬೋಳು ನೋಟನ್ನು ಈ ಸಲ ತಟ್ಟೆಯ ನಡುವೆ ಇಟ್ಟಿದ್ದೆ. ಬೆರಳು ಅದರ ಹತ್ತಿರ ಹೋಗಿ ನಿಂತಿತು. ಕಲೆಯಾದ ನೋಟನ್ನು ಅಲ್ಲಿ ಅಂಗಡಿಯವರು ತೆಗೆದುಕೊಳ್ಳದಿದ್ದರೆ ಎಂದು ಭಯವಾಯಿತು. ಕೈಯನ್ನು ಸೆರಗಿಗೆ ಒರೆಸಿಕೊಂಡು, ಅದನ್ನು ನನ್ನ ಪಾಸ್‌ಪೋರ್ಟಿನೊಳಗೆ ಇಟ್ಟೆ.