ಪಂಪ್ ಮನೆ ತಿರುವು

ನಮ್ಮ ಶಾಲೆಯ ವ್ಯಾನ್ ಓಡಿಸುವ ತಾತನಿಗೆ ಮೂಗಿನ ತುದಿಯಲ್ಲೇ ಕೋಪ. ಶಾಲೆ, ಸುತ್ತಲಿನ ಬಡಾವಣೆ, ಎಲ್ಲ ಎದ್ದಿರುವುದು ಅವರು ಉತ್ತು ಬಿತ್ತಿ ಕೊನೆಗೆ ಮಾರಿದ ಹೊಲದ ಮೇಲೆ. ಮೊದಲ ವರ್ಷ ನಲವತ್ತು ಮಕ್ಕಳಿದ್ದರು, ಒಂದೇ ವ್ಯಾನ್. ಈಗ ಒಂಬೈನೂರು ಮಕ್ಕಳು. ಆಟದ ಮೈದಾನದಲ್ಲೂ ತರಗತಿಗಳು ಎದ್ದಿವೆ.

ಬಡಾವಣೆಯ ಮನೆಗಳೆಲ್ಲ ಒಂದೇ ಅಚ್ಚಿನವು. ಯಾವ ಮಗು ಯಾವ ಸಾಲಿನದು ಎಂದು ನಾನು ಪಟ್ಟಿ ಬರೆದುಕೊಟ್ಟರೆ ತಾತ ಅದನ್ನು ಮಡಚಿ ಜೇಬಿಗೆ ತುರುಕಿದರು.

"ನನ್ನ ಹೊಲದಲ್ಲಿ ನನಗೇ ದಾರಿ ತೋರಿಸ್ತೀರಾ, ಮೇಡಂ?"

ಅವರಿಗೆ ಮೊದಲ ಸಾಲು ಎಂದರೆ ಕಣದ ಮೂಲೆ, ಏಳನೆಯದು ಪಂಪ್ ಮನೆ ತಿರುವು. ಮಕ್ಕಳಿಗೂ ಅದನ್ನೇ ಕಲಿಸಿಬಿಟ್ಟಿದ್ದರು. ನಿಜ ಹೇಳಬೇಕೆಂದರೆ ನನಗೂ ಅದು ಇಷ್ಟವಾಗಿತ್ತು.

ಒಂದು ಬುಧವಾರ ಯಂತ್ರ ಬಂದು ಪಂಪ್ ಮನೆ ಕೆಡವಿತು. ಸಂಜೆ ತಿರುವಿನ ಗುರುತು ಕಾಣದೆ ತಾತ ತಡಬಡಾಯಿಸಿದರು. ಆದರೂ ಪಟ್ಟಿ ತೆಗೆಯಲಿಲ್ಲ. ಇಲ್ಲೇ ಇರಬೇಕೆಂದು ಒಂದನೇ ತರಗತಿಯ ಪುಟ್ಟಿಯನ್ನು ಇಳಿಸಿ ಬಂದರು. ಅದು ಒಂಬತ್ತನೇ ಸಾಲು, ಅವಳ ಮನೆ ಏಳನೆಯದರಲ್ಲಿ.

ಅರ್ಧ ಗಂಟೆಗೆ ಅವಳ ತಾಯಿಯ ಫೋನ್. "ಮೇಡಂ, ಮಗು ಇನ್ನೂ ಮನೆಗೆ ಬಂದಿಲ್ಲ!"

ತಾತನ ಮುಖ ಬಿಳಿಚಿಕೊಂಡಿತು. "ಬಾವಿ," ಎಂದರು.

ಪಂಪ್ ಮನೆಯ ಹಿಂದೆ ಅವರ ಹಳೆಯ ಬಾವಿ. ಕಟ್ಟೆಯ ಕಲ್ಲನ್ನು ಗುತ್ತಿಗೆದಾರ ಕಿತ್ತು ಸಾಗಿಸಿದ್ದ, ಬಾವಿಯನ್ನು ಇನ್ನೂ ಮುಚ್ಚಿರಲಿಲ್ಲ. ನಾವಿಬ್ಬರೂ ಎದ್ದೆವೋ ಬಿದ್ದೆವೋ ಎಂದು ಓಡಿದೆವು. ಒಂಬತ್ತನೇ ಸಾಲಿನಲ್ಲಿ ಅವಳಿಲ್ಲ. ಎಂಟರಲ್ಲೂ ಇಲ್ಲ. ಎಲ್ಲೆಲ್ಲೂ ಅದೇ ಗೇಟು, ಅದೇ ಕಂದು ಬಾಗಿಲು. ಬಾವಿಯ ಅಂಚಿನಲ್ಲಿ ಮಗುವಿನ ನೀರಿನ ಬಾಟಲಿ ಬಿದ್ದಿತ್ತು.

ತಾತ ಮೊಣಕಾಲೂರಿ, ಒಳಗೆ ಬಗ್ಗಿ ಕೂಗಿದರು. "ಪುಟ್ಟೀ!"

"ಏನು ತಾತ?"

ದನಿ ಬಂದದ್ದು ನಮ್ಮ ಹಿಂದಿನಿಂದ. ಇಟ್ಟಿಗೆ ರಾಶಿಯ ಆಚೆ, ಪಂಪ್ ಮನೆಯ ಮುರಿದ ನೀಲಿ ಬಾಗಿಲ ಮೇಲೆ ಕೂತಿದ್ದಳು.

"ದಾರಿ ತಪ್ಪಿದ್ರೆ ಪಂಪ್ ಮನೆ ಹತ್ರ ಇರು ಅಂತ ನೀವೇ ಹೇಳಿದ್ರಲ್ಲ. ಬಾಟಲಿ ಉರುಳಿ ಹೋಯ್ತು. ಈಗ ತರೋಕೆ ಹೋಗ್ತಿದ್ದೆ."

ತಾತ ಅವಳನ್ನು ಎತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ತಾಯಿ ಬಾಯಿಗೆ ಬಂದಂತೆ ಬೈದಾಗಲೂ ತಲೆ ಎತ್ತಲಿಲ್ಲ.

ಮರುದಿನ ಬೆಳಗ್ಗೆಯೇ ತಾವೇ ನಿಂತು ಬಾವಿಗೆ ಮಣ್ಣು ತುಂಬಿಸಿದರು. ಸಂಜೆ ನಾನೂ ವ್ಯಾನಿನಲ್ಲಿ ಹೋದೆ. ಪಟ್ಟಿಯನ್ನು ಸ್ಟೇರಿಂಗ್ ಮುಂದೆ ಅಂಟಿಸಿದ್ದರು.

"ಪಂಪ್ ಮನೆ ಬಂತಾ, ತಾತ?" ಪುಟ್ಟಿ ಕೇಳಿದಳು.

ತಾತ ಪಟ್ಟಿಯ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದರು.

"ಇಲ್ಲ ಪುಟ್ಟಿ. ಇದು ಏಳನೇ ಸಾಲು."