ಜರ್ಮನ್ ಬಿಲ್ಲೆಯ ಬೆನ್ನು

ಮಿತ್ರರೇ, ಇಂದು ನಾನೊಬ್ಬ ಕಳ್ಳ. ಹೆಂಡತಿಯ ಭೂತಗನ್ನಡಿ ಕದ್ದು ಗೋಕಾಕಕ್ಕೆ ಓಡಿದೆ. ಜರ್ಮನ್ ಬಿಲ್ಲೆ ಕಂಡರೆ ತಿಳಿಸಿ ಎಂದು ಅಲ್ಲಿನ ಪಾತ್ರೆ ಅಂಗಡಿಯ ಕಾಕಾಗೆ ಹೇಳಿಟ್ಟಿದ್ದೆ; ‘ಜರ್ಮನ್ ಬಿಲ್ಲೆ ಬಂದೈತಿ’ ಎಂದು ಇಂದು ಬೆಳಿಗ್ಗೆ ಅವರ ಫೋನ್ ಬಂದಿತ್ತು. ಹಳೆಯ ಜರ್ಮನ್ ಸೇನೆಯ ಬಿಲ್ಲೆಗಳಲ್ಲಿ ಅಸಲಿ ಯಾವುದು, ನಕಲಿ ಯಾವುದು ಎಂದು ಹೇಳಬಲ್ಲವನು ಮೂರು ತಾಲ್ಲೂಕಿಗೆ ನಾನೊಬ್ಬನೇ. ಕಾಕಾ ಕೈಗಿತ್ತ, ಖರೀದಿ ಬಿಲ್ಲಿಲ್ಲದ ಬಿಲ್ಲೆಯ ಬೆನ್ನು ತಿರುವಿದೆ. ಚುಕ್ಕಿಚುಕ್ಕಿಯಾಗಿ ಕೊರೆದ ‘ಎಂ.ಬಿ.’ ಕಂಡಿತು.

“ತಯಾರಕರ ಮುದ್ರೆ! ಮ್ಯೂನಿಕ್ಕಿನದು!” ಎಂದು ಘೋಷಿಸಿದೆ.

“ಮೂಡಲಗಿ ಬಸಪ್ಪನ ಕುಸ್ತಿ ಬಿಲ್ಲೆರಿ ಅದು. ಬೋಗಾಣಿ ಮ್ಯಾಲೆ ಹೆಸರು ಹಾಕೋ ಮಷೀನ್ಲೆ ನಾನಽ ಹೊಡದೇನಿ,” ಎಂದರು ಕಾಕಾ.

“ಜರ್ಮನ್ ಅಂದ್ರಲ್ಲ?”

“ಖರೆನಽ ಜರ್ಮನ್ರಿ. ನಿಮ್ಮನಿ ಅನ್ನದ ಬೋಗಾಣಿ ಯಾತರದ್ದೈತಿ? ಅದಽ, ಅಲ್ಯುಮಿನಿಯಮ್! ನಮ್ಮ ಕಡೆ ಅದಕ್ಕಽ ಜರ್ಮನ್ ಅಂತಾರ.”

ಕಾಕಾ ನಕ್ಕರು. ನಾನು ಮಾತ್ರ ಆಗಿನಿಂದ ಫೋನ್ ಗುಣುಗಿದರೂ ಬೆಚ್ಚುತ್ತಿದ್ದೇನೆ. ಹುಕ್ಕೇರಿಯ ಸಂಗ್ರಾಹಕರೊಬ್ಬರಿಗೆ ನಿನ್ನೆ ತಾನೇ ‘ಅಪ್ಪಟ ಅಸಲಿ’ ಎಂದು ಸಹಿ ಹಾಕಿ ಕೊಟ್ಟ ಬಿಲ್ಲೆಯ ಹಿಂದೆಯೂ ಕಾಕಾರ ಮಷೀನಿನ ಅದೇ ಚುಕ್ಕಿಚುಕ್ಕಿ ಬರಹವಿತ್ತು.